ಗೋಡೆಯ ಮುಂದೆ ಸ್ವಲ್ಪ ಹೊತ್ತು

ಕಳೆದ ಸಂಚಿಕೆಯ ಮುಖಪುಟದ ಚಿತ್ರದಲ್ಲಿ ಮನುಷ್ಯರಿರಲಿಲ್ಲ, ಮರವಿರಲಿಲ್ಲ, ಕಡಲೂ ಇರಲಿಲ್ಲ. ಕಪ್ಪಿಗೆ ತಿರುಗಿದ ನೀಲಿ, ಅದರ ನಡುವೆ ಓರೆಯಾಗಿ ಎಳೆದ ಒಂದು ಹಳದಿ ಪಟ್ಟೆ, ಅಷ್ಟೆ. ಅದರ ಬಗ್ಗೆ ಬಂದ ಪತ್ರಗಳೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಇದರ ಅರ್ಥವೇನು? ಅಂಕೋಲೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಕತೆ, ಕವಿತೆಗಳನ್ನು ಹೇಗೋ ಓದಿ ತಿಳಿದುಕೊಳ್ಳುತ್ತೇನೆ, ಚಿತ್ರದ ಮುಂದೆ ನಿಂತಾಗ ಅಕ್ಷರ ಬಾರದವನ ಹಾಗಾಗುತ್ತೇನೆ, ಕಲಿಸುವವರಿದ್ದರೆ ಈ ವಯಸ್ಸಿನಲ್ಲೂ ಕಲಿಯಲು ತಯಾರಿದ್ದೇನೆ ಎಂದು ಅವರು ಬರೆದಿದ್ದರು. ಈ ತಿಂಗಳ ಮಾತು ಅವರಿಗೆ ನಾನು ಬರೆಯಬೇಕಾಗಿದ್ದ ಉತ್ತರ.

ಮಾಸ್ತರರೇ, ನಿಮಗೆ ಚಿತ್ರ ನೋಡಲು ಬರುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಹಾಲಕ್ಕಿಗಳ ತಂಡ ನಿಮ್ಮ ಅಂಗಳಕ್ಕೆ ಬಂದಾಗ ನೀವು ಅವರ ತಲೆಯ ಮೇಲಿನ ತುರಾಯಿಯ ಅರ್ಥ ಕೇಳಿದವರಲ್ಲ. ಕುಣಿತದ ಜೊತೆ ಅದು ತೂಗುವುದನ್ನು, ಬಣ್ಣದ ಹಕ್ಕಿ ಹೂಗಳು ಬಿಸಿಲಿಗೆ ಮಿನುಗುವುದನ್ನು ನೋಡಿದ್ದೀರಿ. ಕಳೆದ ವರ್ಷದ ತುರಾಯಿಗಿಂತ ಈ ವರ್ಷದ್ದು ಚೆಂದವೋ ಅಲ್ಲವೋ ಎಂದು ಮನೆಯವರ ಹತ್ತಿರ ಹೇಳಿಯೂ ಇರುತ್ತೀರಿ. ಚೌತಿಯಲ್ಲಿ ಗಣಪತಿಯ ಮೇಲೆ ಫಲಾವಳಿ ಕಟ್ಟುವಾಗ ಹಿಂಡಲೆಕಾಯಿ ಎಲ್ಲಿ, ಅಡಿಕೆಗೊನೆ ಎಲ್ಲಿ, ಹಸಿರಿನ ಪಕ್ಕ ಹಳದಿ ಬಂದರೆ ಹೇಗೆ ಎಂದು ಮನೆಮಂದಿಯೆಲ್ಲ ಚರ್ಚೆ ಮಾಡುವುದೂ ಚಿತ್ರ ನೋಡುವ ಕೆಲಸವೇ. ಅಲ್ಲೆಲ್ಲ ಇರುವ ಧೈರ್ಯ ಚೌಕಟ್ಟು ಹಾಕಿದ ಕೂಡಲೇ ಎಲ್ಲಿಗೆ ಹೋಗುತ್ತದೆ?

ಕಾರವಾರದ ಮಾರುತಿ ಗಲ್ಲಿಯಲ್ಲಿ ಜಾತ್ರೆಯ ರಾತ್ರಿ ಮನೆಮನೆಯ ಮುಂದೆ ರಂಗೋಲಿ ಬಿಡಿಸುವುದು ನಿಮಗೆ ಗೊತ್ತೇ ಇದೆ. ಎಳೆಯ ರಂಗೋಲಿ, ಚುಕ್ಕಿ ರಂಗೋಲಿಗಳ ಜೊತೆ ದೇವರು, ಸಿನಿಮಾ ನಟರು, ದೇಶದ ನಾಯಕರು ಬಣ್ಣದ ಪುಡಿಯಲ್ಲಿ ಮೂಡುತ್ತಾರೆ. ಜನ ಸಾಲುಗಟ್ಟಿ ನೋಡುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: "ಅಗ್ದಿ ಫೋಟೋ ಇದ್ದಾಂಗೇ ಅದೆ!" ನಮ್ಮಲ್ಲಿ ಚಿತ್ರಕ್ಕೆ ಸಿಗುವ ಅತಿ ದೊಡ್ಡ ಬಿರುದು ಇದು. ಇದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಇದರ ಹಿಂದೆ ನೂರು ವರ್ಷ ಮೀರಿದ ಚರಿತ್ರೆಯಿದೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯ ಘಾಟ್ಕೋಪರಿನಲ್ಲಿ ಮುದ್ರಣಾಲಯ ತೆರೆದರು. 1899ರಲ್ಲಿ ಅದು ಲೋಣಾವಳಾದ ಹತ್ತಿರದ ಮಳವಲಿಗೆ ಹೋಯಿತು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರು ದೇಶದ ಮೂಲೆಮೂಲೆಯ ದೇವರಕೋಣೆಗಳನ್ನು ಸೇರಿದರು. ಮುಂದೆ ಕ್ಯಾಲೆಂಡರುಗಳು ಅದೇ ದಾರಿ ಹಿಡಿದವು. ಮುಖದ ಮೇಲೆ ಬೆಳಕು, ಕೆನ್ನೆಯ ಕೆಳಗೆ ನೆರಳು, ಸೀರೆಯ ಮಡಿಕೆಯಲ್ಲಿ ಹೊಳಪು ಇದ್ದರೆ ಅದು ಒಳ್ಳೆಯ ಚಿತ್ರ ಎಂದು ನಮ್ಮ ಕಣ್ಣು ಆಗ ಕಲಿತ ಪಾಠ ಇನ್ನೂ ಬಿಟ್ಟಿಲ್ಲ.

ಒಂದು ವರ್ಷ ಆ ಗಲ್ಲಿಗೆ ರಾತ್ರಿಯ ಬದಲು ಮಧ್ಯಾಹ್ನವೇ ಹೋದೆ. ಒಬ್ಬ ಹುಡುಗಿ ನೆಲದ ಮೇಲೆ ಮೊಣಕಾಲೂರಿ ಒಬ್ಬ ಮುದುಕಿಯ ಮುಖ ಮಾಡುತ್ತಿದ್ದಳು. ಕೈಯಲ್ಲಿ ಚಹಾ ಸೋಸುವ ಜರಡಿ. ಅದಕ್ಕೆ ಚಿಟಿಕೆ ಕಂದು ಪುಡಿ ಹಾಕಿ ಬೆರಳಿನಿಂದ ಅಂಚನ್ನು ತಟ್ಟುತ್ತಿದ್ದಳು. ಪುಡಿ ಮಂಜಿನ ಹಾಗೆ ಇಳಿದು ಕೆನ್ನೆಯ ಗುಳಿಯಾಯಿತು. ಸುಕ್ಕುಗಳಿಗೆ ಮಾತ್ರ ಪುಡಿ ಉದುರಿಸಲಿಲ್ಲ. ಒಣ ಕುಂಚದ ತುದಿಯಿಂದ ಮೇಲಿನ ಪದರವನ್ನು ಸ್ವಲ್ಪ ಸರಿಸಿದಳು, ಕೆಳಗಿದ್ದ ತಿಳಿ ಬಣ್ಣ ಗೆರೆಯಾಗಿ ಕಂಡಿತು. ಗಾಳಿ ಬೀಸಿದರೆ ಎಲ್ಲ ಹೋಯಿತು ಎಂಬ ಕೆಲಸ ಅದು, ಮನೆಯವರು ಫ್ಯಾನು ಆರಿಸಿ ಬೆವರುತ್ತ ಕೂತಿದ್ದರು. ರಾತ್ರಿ ಅದೇ ರಂಗೋಲಿಯ ಮುಂದೆ ಜನರ ಜೊತೆ ನಿಂತಾಗ ನನಗೆ ಫೋಟೋ ನೆನಪಾಗಲಿಲ್ಲ, ಜರಡಿ ತಟ್ಟುವ ಆ ಬೆರಳು ನೆನಪಾಯಿತು. ಅಲ್ಲಿ ಯಾರ ಮುಖ ಎಂಬುದಕ್ಕಿಂತ ಮುಖ ಹೇಗಾಯಿತು ಎಂಬುದು ನೂರು ಪಾಲು ಸೊಗಸಾಗಿತ್ತು.

ಮಾಸ್ತರರೇ, ನನಗೆ ತಿಳಿದಿರುವುದು ಇಷ್ಟೇ. ಚಿತ್ರದ ಮುಂದೆ ನಿಂತಾಗ ಅರ್ಥವೇನು ಎಂದು ಕೇಳುವ ಮೊದಲು ಇದನ್ನು ಹೇಗೆ ಮಾಡಿದರು ಎಂದು ಕೇಳಿ. ಕೈ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು, ಯಾವುದನ್ನು ಮೊದಲು ಮಾಡಿ ಯಾವುದನ್ನು ಆಮೇಲೆ ಮಾಡಿದರು, ಯಾವುದನ್ನು ಮಾಡದೆ ಬಿಟ್ಟರು. ಈ ಪ್ರಶ್ನೆಗಳಿಗೆ ಉತ್ತರ ಚಿತ್ರದಲ್ಲೇ ಇರುತ್ತದೆ, ಪುಸ್ತಕ ಬೇಕಿಲ್ಲ, ಪಂಡಿತರು ಬೇಕಿಲ್ಲ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಆ ಸಂಗತಿಯನ್ನು ಇದುವರೆಗೆ ಎಲ್ಲೂ ಬರೆದಿರಲಿಲ್ಲ.

ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಒಂದು ಚಿಕ್ಕ ಗುಡಿಯ ಜೀರ್ಣೋದ್ಧಾರದ ಸಭೆಯಲ್ಲಿ ನಾನೂ ಕೂತಿದ್ದೆ. ಗೋಡೆಗಳ ಮೇಲೆ ಕೆಂಪು ಬಿಳಿಯಲ್ಲಿ ಬಳ್ಳಿ, ನವಿಲು, ಎದುರುಬದುರಾಗಿ ಸೊಂಡಿಲೆತ್ತಿದ ಎರಡು ಆನೆ ಇದ್ದವು. ಮಳೆನೀರು ಇಳಿದು ಅಲ್ಲಲ್ಲಿ ಗಾರೆ ಬಿದ್ದಿತ್ತು. ಹಳೆಯದನ್ನು ಕೆತ್ತಿ ಸಿಮೆಂಟು ಹಾಕಿ ಆಯಿಲ್ ಪೇಂಟ್ ಬಳಿಯುವುದು, ಕೆಳಗೆ ಟೈಲ್ಸ್ ಕೂರಿಸುವುದು ಎಂದು ತೀರ್ಮಾನವಾಯಿತು. ಯಾರೂ ಕೆಟ್ಟವರಾಗಿರಲಿಲ್ಲ. ದೇವರಿಗೆ ಒಳ್ಳೆಯದಾಗಲಿ ಎಂದೇ ಎಲ್ಲರೂ ಕೈಯಿಂದ ಹಣ ಹಾಕಿದ್ದರು. ನಾನೂ ಸಹಿ ಹಾಕಿದೆ. ಆ ಗೋಡೆಯನ್ನು ಹುಟ್ಟಿದಾಗಿನಿಂದ ಕಂಡಿದ್ದೆ, ಒಂದು ದಿನವೂ ನೋಡಿರಲಿಲ್ಲ.

ಕೆತ್ತುವ ದಿನ ಒಬ್ಬ ಮುದಿ ಮೇಸ್ತ್ರಿ ಕೆಳಗೆ ಬಿದ್ದ ಒಂದು ಚಕ್ಕೆ ಎತ್ತಿ ನನ್ನ ಕೈಗೆ ಕೊಟ್ಟ. "ತಮಾ, ಇದ್ನ ಬಳ್ದದ್ದಲ್ಲ, ಕೆರ್ದದ್ದು" ಎಂದ. ಆ ಚಕ್ಕೆ ಈಗಲೂ ನನ್ನ ಮೇಜಿನ ಮೇಲಿದೆ. ಅಂಗೈಯಷ್ಟು ಅಗಲ. ಅಡ್ಡಲಾಗಿ ಹಿಡಿದರೆ ಪದರಗಳು ಕಾಣುತ್ತವೆ: ಹಿಂಬದಿಯಲ್ಲಿ ಚಿರೆಕಲ್ಲಿನ ಕೆಂಪು ಹುಡಿ, ಅದರ ಮೇಲೆ ಮರಳು ಬೆರೆತ ದಪ್ಪ ಗಾರೆ, ಅದರ ಮೇಲೆ ನಯವಾದ ಬಿಳಿ, ಎಲ್ಲಕ್ಕಿಂತ ಮೇಲೆ ಕಾಗದಕ್ಕಿಂತ ತೆಳುವಾದ ಕಾವಿ. ಆ ಕಾವಿಯ ನಡುವೆ ಆನೆಯ ಕಣ್ಣು. ಕಣ್ಣಿನ ಸುತ್ತ ಎರಡು ಬಿಳಿ ಗೆರೆ. ಉಗುರಾಡಿಸಿದರೆ ಗೆರೆ ತಗ್ಗಾಗಿರುವುದು ತಿಳಿಯುತ್ತದೆ. ಅಂಚು ಒಂದು ಕಡೆ ನೇರ, ಇನ್ನೊಂದು ಕಡೆ ಇಳಿಜಾರು. ಉಳಿಯನ್ನು ಓರೆ ಹಿಡಿದಿದ್ದರು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಕಣ್ಣಿನ ಮೂಲೆಯಲ್ಲಿ ಗೆರೆ ಸ್ವಲ್ಪ ಆಳಕ್ಕೆ ಹೋಗಿದೆ, ಕೈ ಅಲ್ಲಿ ತಿರುಗಿದೆ.

ಇದು ಕಾವಿ ಕಲೆ. ಗೋವೆಯಿಂದ ಹಿಡಿದು ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳದವರೆಗೆ ಗುಡಿಗಳ ಗೋಡೆಗಳಲ್ಲಿ, ಕೆಲವು ಹಳೆಯ ಮನೆಗಳಲ್ಲಿ ಇದ್ದದ್ದು. ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ಮರಳು, ಬೆಲ್ಲ ಸೇರಿಸಿ ಎರಡು ವಾರ ಹುಳಿಯಲು ಬಿಡುತ್ತಿದ್ದರು. ಆಮೇಲೆ ಅದನ್ನು ಕುಟ್ಟಿ ಕುಟ್ಟಿ ಬೆಣ್ಣೆಯಂತೆ ಮಾಡಿ ಗೋಡೆಗೆ ಮೆತ್ತುತ್ತಿದ್ದರು. ಅದು ಹಸಿಯಿರುವಾಗಲೇ ಕೆಂಪು ಕಾವಿಯ ತೆಳು ಲೇಪ. ಆ ಲೇಪವೂ ಹಸಿಯಿರುವಾಗ ಚೂಪಾದ ಉಕ್ಕಿನ ಮೊನೆಯಿಂದ ಗೆರೆ ಹಾಕಿ, ಬೇಡವಾದ ಕಡೆ ಕಾವಿಯನ್ನು ಕೆರೆದು ತೆಗೆದರೆ ಕೆಳಗಿನ ಬಿಳಿ ಮೇಲೆ ಬರುತ್ತಿತ್ತು. ಮುಗಿದ ಮೇಲೆ ವಾರಗಟ್ಟಲೆ ನೀರು ಹಾಯಿಸಿ, ಹೊಳೆಯ ನುಣುಪುಗಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಇಟಲಿಯಲ್ಲೂ ಹೀಗೆ ಮೇಲಿನ ಪದರ ಕೆರೆದು ಗೋಡೆಗಳನ್ನು ಸಿಂಗರಿಸುವ ಪದ್ಧತಿ ಇದೆ, ಸ್ಗ್ರಾಫಿಟೋ ಎನ್ನುತ್ತಾರೆ. ನಮ್ಮದಕ್ಕೆ ಬೇಕಾದದ್ದೆಲ್ಲ ನಮ್ಮ ಕಾಲಬುಡದಲ್ಲೇ ಇತ್ತು. ಚಿಪ್ಪು ಹೊಳೆಯಿಂದ, ಕೆಂಪು ನೆಲದಿಂದ.

ಇಷ್ಟು ತಿಳಿದ ಮೇಲೆ ಒಂದು ಕಾವಿ ಗೋಡೆಯ ಮುಂದೆ ನಿಂತು ನೋಡಿ. ಅಲ್ಲಿ ನೆರಳು ಬೆಳಕು ಯಾಕಿಲ್ಲ ಎಂಬುದು ತಾನಾಗಿ ಅರಿವಾಗುತ್ತದೆ. ಒಂದೋ ಕೆಂಪು, ಒಂದೋ ಬಿಳಿ, ನಡುವಿನದು ಇಲ್ಲ. ಹಾಗಾಗಿ ದಶಾವತಾರವಿರಲಿ, ರಾಮಾಯಣದ ಪ್ರಸಂಗವಿರಲಿ, ಆಕೃತಿ ಒಂದೇ ನೋಟಕ್ಕೆ ಗುರುತಾಗುವಂತೆ ಗೆರೆಯೇ ಎಲ್ಲವನ್ನೂ ಹೊರಬೇಕು. ಕೆರೆದದ್ದನ್ನು ಮತ್ತೆ ತುಂಬಲು ಬರುವುದಿಲ್ಲ, ಸುಣ್ಣ ಒಣಗುವವರೆಗೆ ಕಾಯುವಂತೆಯೂ ಇಲ್ಲ. ಆದ್ದರಿಂದ ಆ ಗೆರೆಗಳಲ್ಲಿ ಹಿಂಜರಿಕೆ ಕಾಣುವುದಿಲ್ಲ. ನವಿಲಿನ ಗರಿಯ, ಬಳ್ಳಿಯ ಬಾಗು ಒಂದೇ ಉಸಿರಿಗೆ ಬಂದಿರುತ್ತದೆ. ಎಲ್ಲಾದರೂ ಗೆರೆ ತಡವರಿಸಿದ್ದರೆ ಅಲ್ಲಿ ಗಾರೆ ಒಣಗತೊಡಗಿತ್ತು ಎಂದು ಊಹಿಸಬಹುದು. ಒಬ್ಬ ಹೆಸರಿಲ್ಲದ ಕುಶಲಕರ್ಮಿ ಒಂದು ಬೆಳಗ್ಗೆ ಪಟ್ಟ ಅವಸರ ನಿಮ್ಮ ಕಣ್ಣಿಗೆ ಸಿಗುತ್ತದೆ. ಚಿತ್ರ ಅರ್ಥವಾಗುವುದು ಎಂದರೆ ಇದಕ್ಕಿಂತ ಹೆಚ್ಚಿನದು ಇದೆಯೆಂದು ನನಗೆ ಅನಿಸಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದನ್ನು ಕಣ್ತೆರೆದು ನೋಡಿದವರು ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು. ಓದಿದ್ದು ವಿಜ್ಞಾನ, ಹಿಡಿದದ್ದು ಕ್ಯಾಮೆರಾ ಮತ್ತು ಲೇಖನಿ. ಕರಾವಳಿಯ ಗುಡಿಗಳನ್ನು ಸುತ್ತಿ ಕಾವಿ ಚಿತ್ರಗಳನ್ನು ದಾಖಲಿಸಿದರು, ಅವುಗಳ ಬಗ್ಗೆ ಬರೆದರು. 2002ರಲ್ಲಿ ಅವರು ತೀರಿಕೊಂಡರು. ಅವರು ಎಚ್ಚರಿಸಿದ ಹಾಗೆ ನಾವು ಎಚ್ಚೆತ್ತಿದ್ದರೆ ಇವತ್ತು ಉಳಿದಿರುವುದಕ್ಕಿಂತ ಎಷ್ಟೋ ಹೆಚ್ಚು ಗೋಡೆಗಳು ಉಳಿದಿರುತ್ತಿದ್ದವು.

ಈಗ ಮುಖಪುಟದ ನೀಲಿಗೆ ಬರುತ್ತೇನೆ. ಅದಕ್ಕೆ ಹೆಸರಿರಲಿಲ್ಲ ಎಂಬುದೂ ಕೆಲವರ ಆಕ್ಷೇಪ. ಕಾರವಾರದ ಕಡಲತೀರಕ್ಕೆ ಯಾರ ಹೆಸರಿದೆಯೋ ಅವರೂ ತಮ್ಮ ಚಿತ್ರಗಳಿಗೆ ಹೆಸರಿಡುತ್ತಿರಲಿಲ್ಲ. ರವೀಂದ್ರನಾಥ ಟಾಗೋರರು 1883ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದರು. 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇಲ್ಲೇ. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು, ದಡದ ರೈತನೊಬ್ಬನ ಗುಡಿಸಿದ ಅಂಗಳದಲ್ಲಿ ಕೂತು ಉಂಡದ್ದನ್ನು, ತಡರಾತ್ರಿ ಅಳಿವೆಯಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಮರಗಳ ನೆರಳು ಅಲುಗದೆ ಮರಳಿನ ಮೇಲೆ ಬಿದ್ದದ್ದನ್ನೂ ಮರೆತಿಲ್ಲ. ಚಿತ್ರಕಾರನ ಕಣ್ಣು ಆಗಲೇ ಇತ್ತು, ಕೈ ಬಂದದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಬೇಡವೆಂದು ಹೊಡೆದು ಹಾಕಿದ ಸಾಲುಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದಂತೆ ಅವು ಹಕ್ಕಿ, ಪ್ರಾಣಿ, ಮುಖಗಳಾದವು. 1930ರಲ್ಲಿ ಪ್ಯಾರಿಸಿನಲ್ಲಿ ಮೊದಲ ಪ್ರದರ್ಶನ. ಕೊನೆಗೆ 2000ಕ್ಕೂ ಹೆಚ್ಚು ಚಿತ್ರಗಳು. ಅವುಗಳ ಅರ್ಥ ಕೇಳಿದವರಿಗೆ ಅವರು ವಿವರಣೆ ಕೊಡುತ್ತಿರಲಿಲ್ಲ. ಚಿತ್ರದ ಕೆಲಸ ತೋರುವುದು, ವಿವರಿಸುವುದಲ್ಲ ಎಂಬುದು ಅವರ ನಿಲುವು. ಅಷ್ಟೊಂದು ಮಾತು ಬಲ್ಲ ಕವಿ ಚಿತ್ರದ ಮುಂದೆ ಮಾತು ನಿಲ್ಲಿಸಿದರು.

ಕಾರವಾರದ ಮಕ್ಕಳಿಗೆ ಸೂರ್ಯಾಸ್ತ ಬರೆಯಲು ಹೇಳಿದರೆ ಇವತ್ತಿಗೂ ಎರಡು ತ್ರಿಕೋನ ಗುಡ್ಡ, ನಡುವೆ ಅರ್ಧ ಸೂರ್ಯ ಬರೆಯುತ್ತಾರೆ. ಅವರು ದಿನವೂ ಕಾಣುವ ಸೂರ್ಯ ಕಡಲಲ್ಲಿ, ನಡುಗಡ್ಡೆಗಳ ಆಚೆ ಮುಳುಗುತ್ತಾನೆ. ಈ ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಕಲಿಸಿದ್ದು ಕಂಡದ್ದನ್ನು ಅಳಿಸಿಬಿಡುತ್ತದೆ. ಶಾಲೆಗಳ ಚಿತ್ರಕಲಾ ಶಿಕ್ಷಕರಲ್ಲಿ ನನ್ನ ಬೇಡಿಕೆ ಒಂದೇ. ವರ್ಷಕ್ಕೊಂದು ದಿನ ಮಕ್ಕಳನ್ನು ಕಾಗದ ಪೆನ್ಸಿಲ್ ಇಲ್ಲದೆ ಹೊರಗೆ ಕರೆದುಕೊಂಡು ಹೋಗಿ. ಒಂದು ಗೋಡೆ, ಒಂದು ದೋಣಿಯ ಮೂತಿ, ದೀಪಾವಳಿಗೆ ಕೆಮ್ಮಣ್ಣಿನ ಗೋಡೆಯ ಮೇಲೆ ಅಜ್ಜಿ ಬರೆದ ಶೇಡಿಯ ಗೆರೆ, ಯಾವುದಾದರೂ ಸರಿ, ಅದರ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಿಸಿ. ಆಮೇಲೆ ಏನು ಕಂಡಿರಿ ಎಂದು ಕೇಳಿ.

ಮಾಸ್ತರರೇ, ನಮ್ಮ ಮುಖಪುಟವನ್ನೂ ಒಮ್ಮೆ ಹೀಗೆಯೇ ನೋಡಿ. ನೀಲಿಯ ಕೆಳಗೆ ಇನ್ನೊಂದು ಬಣ್ಣ ಇಣುಕುತ್ತಿದೆಯೇ? ಹಳದಿ ಪಟ್ಟೆ ಯಾವ ತುದಿಯಿಂದ ಹೊರಟಿದೆ? ಎಲ್ಲಿ ಕುಂಚ ಒಣಗಿದೆ? ಇಷ್ಟಾದ ಮೇಲೂ ಚಿತ್ರ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಬರೆಯಿರಿ, ಪ್ರಕಟಿಸುತ್ತೇವೆ.

ಎಲ್ಲ ಓದುಗರಲ್ಲಿ ಒಂದು ವಿನಂತಿ. ಕಾರವಾರ, ಅಂಕೋಲೆ ತಾಲ್ಲೂಕುಗಳಲ್ಲಿ ನಿಮ್ಮ ಊರಿನ ಗುಡಿಯಲ್ಲೋ ಹಳೆಯ ಮನೆಯಲ್ಲೋ ಕಾವಿಯ ಒಂದು ತುಂಡು ಗೋಡೆ ಉಳಿದಿದ್ದರೂ ಅದರ ಫೋಟೋ ತೆಗೆದು ನಮಗೆ ಕಳಿಸಿ. ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆಯೋ ಸಂಜೆಯೋ ತೆಗೆದರೆ ಕೆರೆದ ಗೆರೆಯ ಆಳ ಕಾಣುತ್ತದೆ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯ ಹಿಡಿಯಿರಿ. ಗೋಡೆಗೆ ನೀರು ಹಾಕಬೇಡಿ, ಗೆರೆಗಳ ಮೇಲೆ ಸೀಮೆಸುಣ್ಣ ಆಡಿಸಬೇಡಿ. ಗುಡಿಯ ಹೆಸರು, ಊರು, ತೆಗೆದ ದಿನ ಬರೆಯಿರಿ. ಜೀರ್ಣೋದ್ಧಾರದ ಸಭೆ ಕರೆದಿದ್ದರೆ ಸಭೆಗೆ ಮುಂಚೆಯೇ ಕಳಿಸಿ.