ಕೆಲಸವಿಲ್ಲದವರು ಅರ್ಜಿ ಹಾಕಬೇಡಿ!



ಸರ್ಕಾರಿ ಸೇವೆಯಲ್ಲಿದ್ದಾಗ ನಾನು ಎಷ್ಟೋ ಟೆಂಡರ್ ದಾಖಲೆಗಳನ್ನು ಸಿದ್ಧಪಡಿಸಿದ್ದೇನೆ. ಕಳೆದ ಐದು ವರ್ಷಗಳಲ್ಲಿ ಇದೇ ಬಗೆಯ ಕಾಮಗಾರಿ ಮಾಡಿರಬೇಕು ಎಂಬ ಷರತ್ತು ಅವುಗಳಲ್ಲಿ ಸಾಮಾನ್ಯ. ಸೇತುವೆ ಕಟ್ಟುವವರ ವಿಚಾರದಲ್ಲಿ ಅದಕ್ಕೆ ಅರ್ಥವಿದೆ. ಆದರೂ ಐದು ವರ್ಷ ಕೆಲಸ ಸಿಗದೆ ಕುಳಿತ ಗುತ್ತಿಗೆದಾರನಿಗೆ, ಆ ಒಂದೇ ಕಾರಣದಿಂದ ಮುಂದೆಯೂ ಕೆಲಸ ಸಿಗುವುದಿಲ್ಲ. ಇದೇ ಷರತ್ತನ್ನು ಕೂಲಿ, ಸಂಬಳಕ್ಕೆ ದುಡಿಯುವ ಮನುಷ್ಯರಿಗೆ ಹಾಕಿದರೆ ಏನಾದೀತು? ಅಮೆರಿಕದಲ್ಲಿ ಹಾಕಿ ನೋಡಿದ್ದಾರೆ.

2008ರ ಆರ್ಥಿಕ ಕುಸಿತದ ಬೆನ್ನಿಗೇ, 2009ರ ಅಕ್ಟೋಬರ್‌ನಲ್ಲಿ ಅಲ್ಲಿನ ನಿರುದ್ಯೋಗ ಶೇ. 10ಕ್ಕೆ ಮುಟ್ಟಿತು. ಅಂಥ ಹೊತ್ತಿನಲ್ಲಿ ಕೆಲವು ಕಂಪನಿಗಳು ‘ಸದ್ಯ ಉದ್ಯೋಗದಲ್ಲಿರುವವರು ಮಾತ್ರ ಅರ್ಜಿ ಹಾಕಿರಿ’ ಎಂದು ಜಾಹೀರಾತು ಕೊಡತೊಡಗಿದವು. ಉಂಡು ಬಂದವರಿಗೆ ಮಾತ್ರ ಎಲೆ ಹಾಕುತ್ತೇವೆ ಎಂದಂತಾಯಿತು.

2011ರಲ್ಲಿ ನ್ಯೂಜೆರ್ಸಿ ರಾಜ್ಯ ಇಂಥ ಜಾಹೀರಾತನ್ನು ಕಾಯ್ದೆಯಿಂದ ನಿಷೇಧಿಸಿತು. ಮೊದಲ ತಪ್ಪಿಗೆ 1,000 ಡಾಲರ್‌ವರೆಗೆ ದಂಡ. ಮರುವರ್ಷ ಒರೆಗಾನ್ ರಾಜ್ಯವೂ ಅದೇ ದಾರಿ ಹಿಡಿಯಿತು. ಆದರೆ ಈ ಕಾಯ್ದೆಗಳು ತಡೆದದ್ದು ಜಾಹೀರಾತಿನ ಸಾಲನ್ನು ಮಾತ್ರ. ಸಾಲು ಅಳಿಸಿ, ಅರ್ಜಿಯನ್ನು ಸದ್ದಿಲ್ಲದೆ ಬದಿಗಿಟ್ಟರೆ ಕೇಳುವವರಿಲ್ಲ. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಸಂಶೋಧಕರೊಬ್ಬರು ಸುಮಾರು 4,800 ಕಾಲ್ಪನಿಕ ಅರ್ಜಿಗಳನ್ನು ಕಳಿಸಿ ಇದನ್ನೇ ಪರೀಕ್ಷಿಸಿದರು. ಕೆಲಸ ಬಿಟ್ಟು ಆರು ತಿಂಗಳು ದಾಟಿದ ಅನುಭವಿಗಳಿಗಿಂತ, ಇತ್ತೀಚೆಗೆ ಕೆಲಸ ಕಳೆದುಕೊಂಡ, ಆ ಕ್ಷೇತ್ರದ ಅನುಭವವೇ ಇಲ್ಲದವರಿಗೆ ಹೆಚ್ಚು ಕರೆಗಳು ಬಂದವು.

ನ್ಯೂಯಾರ್ಕ್ ನಗರ ಇನ್ನೂ ಮುಂದೆ ಹೋಯಿತು. ನಿರುದ್ಯೋಗಿ ಎಂಬ ಕಾರಣಕ್ಕೆ ನೇಮಕ ನಿರಾಕರಿಸುವುದೇ ತಪ್ಪು, ಹಾಗೆ ನಿರಾಕರಿಸಲ್ಪಟ್ಟವರು ನ್ಯಾಯಾಲಯಕ್ಕೂ ಹೋಗಬಹುದು ಎಂದಿತು. ಮೇಯರ್ ಬ್ಲೂಮ್‌ಬರ್ಗ್ ಅಂಕಿತ ಹಾಕಲಿಲ್ಲ. 2013ರ ಮಾರ್ಚ್‌ನಲ್ಲಿ ನಗರಸಭೆ ಅವರ ತಡೆಯನ್ನು ಮೀರಿ ಕಾಯ್ದೆ ಮಾಡಿತು. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಲು ಅದರಲ್ಲಿಯೂ ಅವಕಾಶವಿದೆ. ಅದು ಸರಿಯೇ. ತೊಡಕಿರುವುದು ಸಾಕ್ಷ್ಯದಲ್ಲಿ: ಬೇಡವೆಂದವರು ನಿಜವಾದ ಕಾರಣವನ್ನು ಎಲ್ಲಿ ಬರೆದಿಡುತ್ತಾರೆ? ಆದರೂ ನೊಂದವನು ಹೋಗಿ ನಿಲ್ಲಲು ಒಂದು ಬಾಗಿಲು ಇರುವುದು ಸಣ್ಣ ಮಾತಲ್ಲ.

ನಮ್ಮ ದೇಶದಲ್ಲಿ ಇಂಥ ಕಾಯ್ದೆ ಇಲ್ಲ. ‘ಗ್ಯಾಪ್’ ಎಂಬ ಪದ ಮಾತ್ರ ಧಾರಾಳವಾಗಿದೆ. ಹೆರಿಗೆಗೆಂದು ಕೆಲಸ ಬಿಟ್ಟ ಹೆಣ್ಣುಮಕ್ಕಳನ್ನು, ಸ್ಪರ್ಧಾತ್ಮಕ ಪರೀಕ್ಷೆಗೆಂದು ಮೂರ್ನಾಲ್ಕು ವರ್ಷ ಓದಿದ ಹಳ್ಳಿಯ ಹುಡುಗರನ್ನು ಕೇಳಿ ನೋಡಿ.

ಬೇರೆಯವರ ಮಾತೇಕೆ? ನಿವೃತ್ತಿಯ ನಂತರ ನಮ್ಮದೇ ಒಂದು ವಿದ್ಯಾಸಂಸ್ಥೆಯ ಆಯ್ಕೆ ಸಮಿತಿಯಲ್ಲಿ ವಿಷಯತಜ್ಞನಾಗಿ ಕುಳಿತಿದ್ದೆ. ಸಿವಿಲ್ ವಿಭಾಗದ ಅಭ್ಯರ್ಥಿಯೊಬ್ಬನಿಗೆ ಎಂ.ಟೆಕ್‌ನಲ್ಲಿ ಪ್ರಥಮ ದರ್ಜೆ ಇತ್ತು, ನಂತರ ಮೂರು ವರ್ಷ ಖಾಲಿ. ಏನು ಮಾಡುತ್ತಿದ್ದೆ ಎಂದರೆ, ತಂದೆಗೆ ಲಕ್ವ ಹೊಡೆದಿತ್ತು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ ಎಂದ. ಆ ಮೇಲೆ ಅಡಿಪಾಯದ ಬಗ್ಗೆ, ಕಾಂಕ್ರೀಟಿನ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಪಟ್ಟಿಗೆ ಸಹಿ ಹಾಕಿ, ಮಠದಲ್ಲಿ ಪ್ರಸಾದ ಸ್ವೀಕರಿಸಿ ಬಂದೆ. ಕಾಯಕದ ಬಗ್ಗೆ ಇದೇ ಪತ್ರಿಕೆಯಲ್ಲಿ ಎಷ್ಟು ಬರೆದಿಲ್ಲ ನಾನು!

ನಮ್ಮ ಆಡಳಿತ ಮಂಡಳಿಗಳು ಕಾಯ್ದೆಗಾಗಿ ಕಾಯಬೇಕಾಗಿಲ್ಲ. ಬರುವ ನೇಮಕಾತಿಯಿಂದಲೇ, ಮೊದಲ ಪರಿಶೀಲನೆಯಲ್ಲಿ ಖಾಲಿ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯದಿರಲಿ. ಸಂದರ್ಶನದಲ್ಲಿ ವಿಷಯದ ಪ್ರಶ್ನೆಗಳು ಮುಗಿದ ಮೇಲೆಯೇ ಅದರ ಮಾತು ಬರಲಿ. ಬೇಡವೆಂದರೆ ಯಾಕೆ ಬೇಡ ಎಂಬುದನ್ನು ನಡಾವಳಿಯಲ್ಲಿ ಬರೆಯಲಿ. ಇಲಾಖೆಯಲ್ಲಿ ಒಂದು ಟೆಂಡರ್ ತಿರಸ್ಕರಿಸಿದರೂ ನಾವು ಕಾರಣ ಬರೆದಿಡುತ್ತಿದ್ದೆವು.