ಒಂದು ತಿರುಪಿಗಾಗಿ ಸ್ಟ್ಯಾಂಡ್ ಮೂಲೆ ಸೇರಬೇಕೇ?

ಶಾಲಾ ಭೇಟಿಯ ವೇಳೆ ವಿಜ್ಞಾನದ ಬೀರುವನ್ನು ತೆರೆಸಿ ನೋಡುವುದು ನನ್ನ ರೂಢಿ. ಹಲವು ಕಡೆ ಕಾಣುವ ನೋಟ ಒಂದೇ. ಪ್ರನಾಳ ಹಿಡಿಯುವ ಕಬ್ಬಿಣದ ಸ್ಟ್ಯಾಂಡ್ ಇರುತ್ತದೆ, ಕ್ಲ್ಯಾಂಪ್ ಇರುತ್ತದೆ, ಕ್ಲ್ಯಾಂಪನ್ನು ಬಿಗಿಯುವ ತಿರುಪು ಮಾತ್ರ ಇರುವುದಿಲ್ಲ. ಹೆಬ್ಬೆರಳುದ್ದದ ಆ ತುಂಡಿಗಾಗಿ ಇಡೀ ಸ್ಟ್ಯಾಂಡಿಗೆ ‘ದುರಸ್ತಿ ಆಗಬೇಕಿದೆ’ ಎಂಬ ಚೀಟಿ ಅಂಟಿರುತ್ತದೆ. ಚೀಟಿ ಹಳದಿಯಾಗುವಷ್ಟರಲ್ಲಿ ಎರಡು ಮೂರು ತಂಡದ ಮಕ್ಕಳು ಪ್ರಯೋಗವನ್ನು ಪುಸ್ತಕದ ಚಿತ್ರದಲ್ಲೇ ನೋಡಿ ಏಳನೆಯ ತರಗತಿ ದಾಟಿರುತ್ತಾರೆ.

ಇದಕ್ಕೆ ಹೊಸ ಸ್ಟ್ಯಾಂಡಿನ ಬೇಡಿಕೆ ಕಳಿಸುವುದು ಪರಿಹಾರವಲ್ಲ. ಆ ತಿರುಪನ್ನು ಊರಿನಲ್ಲೇ ಮಾಡಿಸಬೇಕು, ಅಳತೆಯನ್ನು ಮಕ್ಕಳೇ ತೆಗೆಯಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಜಿಲ್ಲಾ ಕೇಂದ್ರದಲ್ಲಿ ನಿವೃತ್ತ ಟರ್ನರ್ ಒಬ್ಬರು ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಲೇತ್ ಒಂದನ್ನು ಇಟ್ಟುಕೊಂಡಿದ್ದಾರೆ. ತಿರುಪು ಮಾಡಿಕೊಡಿ ಎಂದು ಹೋದವರಿಗೆ ಅವರು ಕೇಳುವ ಮೊದಲ ಪ್ರಶ್ನೆ, “ಇಂಚಿನದೋ ಮಿಲಿಮೀಟರಿನದೋ, ಮೇಷ್ಟ್ರೇ?” ಈ ಪ್ರಶ್ನೆಯಲ್ಲೇ ಒಂದು ಪಾಠವಿದೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ತಿರುಪುಗಳಿಗೆ ಏಕರೂಪದ ಅಳತೆ ಸೂಚಿಸಿದರು. ಅದಕ್ಕೆ ಮೊದಲು ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದರ ನಟ್ಟಿಗೆ ಕೂರುವ ಭರವಸೆ ಇರಲಿಲ್ಲ. ವಿಟ್‌ವರ್ತ್ ಪದ್ಧತಿಯ ಕಾಲು ಇಂಚಿನ ತಿರುಪಿನಲ್ಲಿ ಇಂಚಿಗೆ 20 ಎಳೆ. ಇಂದಿನ ಎಂ6 ತಿರುಪಿನ ವ್ಯಾಸ 6 ಮಿ.ಮೀ., ಎರಡು ಎಳೆಗಳ ನಡುವಿನ ಅಂತರ, ಅಂದರೆ ಪಿಚ್, 1 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ ಒಂದನ್ನು ಇನ್ನೊಂದರ ತೂತಿಗೆ ಹಾಕಿದರೆ ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿದರೆ ತೂತಿನೊಳಗಿನ ಎಳೆಯೂ ಹಾಳು.

ಹಾಗಾದರೆ ಗುರುತಿಸುವುದು ಹೇಗೆ? ಅದೇ ಬಗೆಯ ಇನ್ನೊಂದು ಸ್ಟ್ಯಾಂಡಿನ ತಿರುಪನ್ನು ಬಿಚ್ಚಿ ಅಳತೆಪಟ್ಟಿಯ ಪಕ್ಕ ಇಡಿ. ಮಕ್ಕಳು ಹತ್ತು ಅಂತರಗಳನ್ನು ಎಣಿಸಲಿ. ಹತ್ತು ಅಂತರ ಸಿಗಲು ಹನ್ನೊಂದು ಏಣು ಎಣಿಸಬೇಕು. ಮಕ್ಕಳು ಎಡವುವುದು ಇಲ್ಲೇ, ಎಡವಲಿ ಬಿಡಿ. ಉದ್ದ 10 ಮಿ.ಮೀ. ಬಂದರೆ ಪಿಚ್ 1 ಮಿ.ಮೀ.; 12.7 ಬಂದರೆ ಅದು ಕಾಲು ಇಂಚಿನ ಹಳೆಯ ತಿರುಪು. ಒಂದೇ ಒಂದು ಎಳೆಯನ್ನು ಅಳೆಯ ಹೋದರೆ ಈ ವ್ಯತ್ಯಾಸ ಅಳತೆಪಟ್ಟಿಗೆ ಸಿಗದು. ಸರಾಸರಿಯ ಉಪಯೋಗವನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ.

ಲೇತಿನ ಮುಂದೆ ಗಣಿತ ಇನ್ನೂ ಇದೆ. 16 ಮಿ.ಮೀ. ವ್ಯಾಸದ ಹಿತ್ತಾಳೆ ಸರಳನ್ನು 6 ಮಿ.ಮೀ.ಗೆ ಇಳಿಸಬೇಕು, ಉಳಿ ಪ್ರತಿ ಸಲ ಅರ್ಧ ಮಿ.ಮೀ. ಆಳಕ್ಕೆ ಕೊರೆಯುತ್ತದೆ. ಎಷ್ಟು ಸಲ? ಮಕ್ಕಳು ಇಪ್ಪತ್ತು ಎನ್ನುತ್ತಾರೆ. ಸರಳು ತಿರುಗುವುದರಿಂದ ಸುತ್ತಲೂ ಕೊರೆದು, ವ್ಯಾಸ ಪ್ರತಿ ಸಲ 1 ಮಿ.ಮೀ. ಕಡಿಮೆಯಾಗುತ್ತದೆ, ಹತ್ತೇ ಸಲ ಸಾಕು. ಎಳೆ ಕೊರೆಯುವಾಗ ಉಳಿಯನ್ನು ಮುಂದಕ್ಕೆ ಸರಿಸುವುದು ಲೀಡ್ ಸ್ಕ್ರೂ ಎಂಬ ಉದ್ದನೆಯ ತಿರುಪು. ಅದು ಒಂದು ಸುತ್ತಿಗೆ 4 ಮಿ.ಮೀ. ಸರಿಸುತ್ತದೆ ಎನ್ನೋಣ. ಸರಳಿನ ಕಡೆ 20 ಹಲ್ಲಿನ ಚಕ್ರ, ಲೀಡ್ ಸ್ಕ್ರೂ ಕಡೆ 80 ಹಲ್ಲಿನ ಚಕ್ರ ಜೋಡಿಸಿದರೆ, ಸರಳಿನ ಒಂದು ಸುತ್ತಿಗೆ ಅದು ಕಾಲು ಸುತ್ತು ತಿರುಗುತ್ತದೆ, ಉಳಿ 1 ಮಿ.ಮೀ. ಸರಿಯುತ್ತದೆ. ಇಂಚಿನ ಲೇತಿನಲ್ಲಿ ಮಿಲಿಮೀಟರ್ ಎಳೆ ಕೊರೆಯಲು 127 ಹಲ್ಲಿನ ಚಕ್ರ ಬಳಸುತ್ತಾರೆ. 1 ಇಂಚು 25.4 ಮಿ.ಮೀ.; ಐದು ಇಂಚು ಸರಿಯಾಗಿ 127 ಮಿ.ಮೀ. ಈ 127 ಅವಿಭಾಜ್ಯ ಸಂಖ್ಯೆ, ಆದ್ದರಿಂದ ಇನ್ನೂ ಚಿಕ್ಕ ಚಕ್ರದಿಂದ ಈ ಲೆಕ್ಕ ಕರಾರುವಾಕ್ಕಾಗಿ ಕೂಡದು. ಅವಿಭಾಜ್ಯ ಸಂಖ್ಯೆ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ವಿದ್ಯಾರ್ಥಿಗೆ ಈ ಚಕ್ರವನ್ನು ತೋರಿಸಿ.

ಗ್ಯಾರೇಜು, ಲೇತ್ ಅಂಗಡಿಯವರ ಮಕ್ಕಳು ನಮ್ಮ ತರಗತಿಗಳಲ್ಲೇ ಇದ್ದಾರೆ. ಅವರ ಮನೆಯ ವಿದ್ಯೆಯನ್ನು ನಾವು ವಿಜ್ಞಾನವೆಂದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಬಿಡಿಭಾಗಕ್ಕಿಂತ ದೊಡ್ಡ ನಷ್ಟ ಇದೇ ಎನಿಸುತ್ತದೆ.

ಮಕ್ಕಳನ್ನು ಕರೆದೊಯ್ಯುವವರು ಕೆಲವು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಬೇಕು. ಯಂತ್ರ ಮುಟ್ಟುವುದು ಬೇಡ. ದೂರ ನಿಲ್ಲಲಿ, ಕಣ್ಣಿಗೆ ರಕ್ಷಣಾ ಕನ್ನಡಕವಿರಲಿ. ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಜಡೆ ತಿರುಗುವ ಯಂತ್ರದ ಹತ್ತಿರ ಸಲ್ಲದು. ಸಿಡಿಯುವ ಲೋಹದ ಚೂರು ಬಿಸಿಯೂ ಹೌದು, ಹರಿತವೂ ಹೌದು. ಎಲ್ಲ ಭಾಗವನ್ನೂ ಹೀಗೆ ಮಾಡಿಸಲೂಬಾರದು. ಬಿಸಿಯೂಟದ ಕುಕ್ಕರಿನ ಸೇಫ್ಟಿ ವಾಲ್ವನ್ನೇ ನೋಡಿ. ಅದರಲ್ಲಿರುವ ಮಿಶ್ರಲೋಹ ನಿಗದಿತ ಉಷ್ಣತೆಯಲ್ಲಿ ಕರಗಿ ಆವಿಯನ್ನು ಹೊರಬಿಡಬೇಕು. ಅದೇ ಆಕಾರದ ಹಿತ್ತಾಳೆ ತುಂಡು ಕರಗುವುದಿಲ್ಲ, ಕುಕ್ಕರ್ ಸಿಡಿಯಬಹುದು. ಅದನ್ನು ಕಂಪನಿಯದೇ ಕೊಳ್ಳಬೇಕು.

ಲೆಕ್ಕ ತಪಾಸಣೆಯಲ್ಲಿ ಯಾರು ಉತ್ತರಿಸುವುದು ಎಂಬ ಶಿಕ್ಷಕರ ಅಳುಕು ಸುಳ್ಳಲ್ಲ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ದಾಸ್ತಾನು ವಹಿಯಲ್ಲಿ ‘ತಿರುಪು ಕಳೆದಿತ್ತು, ಮಾಡಿಸಲಾಯಿತು’ ಎಂದು ದಿನಾಂಕ, ಖರ್ಚು ಬರೆದು ರಸೀದಿ ಅಂಟಿಸಿ. ಪಕ್ಕದಲ್ಲೇ ಮಕ್ಕಳು ತೆಗೆದ ಅಳತೆ ಮತ್ತು ಚಿತ್ರವಿರಲಿ. ಅದೇ ತಿರುಪು ಇನ್ನೊಮ್ಮೆ ಕಳೆದರೆ ಆ ಹಾಳೆಯೊಂದನ್ನೇ ಶೆಡ್ಡಿಗೆ ಒಯ್ದರೆ ಸಾಕು.