ಕಂದು ಹಲ್ಲು

ಕಳೆದ ವರ್ಷ ನಮ್ಮ ವರ್ಗದ ಭಾವಚಿತ್ರ ತೆಗೆಯುವಾಗ ಛಾಯಾಚಿತ್ರಕಾರನು "ಎಲ್ಲಾರೂ ನಗರಿ" ಎಂದನು. ಎಲ್ಲರೂ ನಕ್ಕರು, ನಾನು ಮಾತ್ರ ತುಟಿ ಬಿಗಿಹಿಡಿದು ನಿಂತೆ. ಅದನ್ನು ನೋಡಿ ಕೆಲವು ಗೆಳೆಯರು ನಾನು ಬಲು ಗಂಭೀರ ಸ್ವಭಾವದವನೆಂದು ತಿಳಿದಿದ್ದಾರೆ. ನಿಜಸಂಗತಿ ಬೇರೆ. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ತಂಬಾಕ ತಿಂತೀಯೇನೋ?" ಬಸ್ಸಿನಲ್ಲಿ ಹಿರಿಯರೊಬ್ಬರಂತೂ ಉತ್ತರಕ್ಕೂ ಕಾಯದೆ, ಓದುವ ಹುಡುಗರು ಕೆಟ್ಟುಹೋದರೆಂದು ಮುನವಳ್ಳಿ ಬರುವವರೆಗೆ ಉಪದೇಶ ಮಾಡಿದರು. ನಾನು ಇಂದಿನವರೆಗೆ ಅಡಿಕೆಯ ಚೂರನ್ನೂ ಬಾಯಿಗೆ ಹಾಕಿದವನಲ್ಲ.

ನಾನು ಹುಟ್ಟಿದ್ದು ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಹಳ್ಳಿಯೊಂದರಲ್ಲಿ. ಏಳು ವರ್ಷ ಅಲ್ಲಿಯ ಬೋರಿನ ನೀರು ಕುಡಿದೆ. ಬಳಿಕ ತಂದೆಯವರು ದುಡಿಮೆಯನ್ನರಸಿ ನಮ್ಮನ್ನೆಲ್ಲ ನವಿಲುತೀರ್ಥಕ್ಕೆ ಕರೆತಂದರು. ಮರುವರ್ಷ ತಂಗಿ ಹುಟ್ಟಿದಳು. ಈಗ ಹನ್ನೆರಡು ವರ್ಷದ ಅವಳ ಹಲ್ಲುಗಳು ಎಳೆಯ ಜೋಳದ ಕಾಳಿನಂತಿವೆ. ಒಂದೇ ತಾಯಿ, ಒಂದೇ ರೊಟ್ಟಿ, ಒಂದೇ ಹಲ್ಲುಪುಡಿ. ಬೇರೆಯಾದದ್ದು ನೀರೊಂದೇ.

ಇಂಥದೇ ಒಗಟು ಅಮೇರಿಕೆಯ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯನನ್ನು 1901ರಿಂದ ಕಾಡಿತ್ತು. ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲು ಕಂದು. ದೊಡ್ಡವರಾದ ಮೇಲೆ ಬಂದು ನೆಲೆಸಿದವರ ಹಲ್ಲು ಸ್ವಚ್ಛ. ಮೂವತ್ತು ವರ್ಷಗಳ ಮೇಲೆ, 1931ರಲ್ಲಿ, ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞನು ನೀರಿನಲ್ಲಿದ್ದ ಫ್ಲೋರೈಡೇ ಕಾರಣವೆಂದು ಕಂಡುಹಿಡಿದನು. ಗ್ರಾನೈಟಿನಂಥ ಬಂಡೆಗಳಿಂದ ಅದು ಆಳದ ನೀರಿಗೆ ಇಳಿಯುತ್ತದೆ. ಹೆಚ್ಚೆಂದರೆ ಲೀಟರಿಗೆ 1.5 ಮಿಲಿಗ್ರಾಂ ಇರಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅಲ್ಪ ಪ್ರಮಾಣದಲ್ಲಿ ಹಲ್ಲಿಗೆ ಹಿತವೇ ಆದ ಈ ವಸ್ತು ಹೆಚ್ಚಾದಾಗ, ದವಡೆಯೊಳಗೆ ಹಲ್ಲಿನ ಕವಚ ಕಟ್ಟುತ್ತಿರುವ ಎಂಟು ವರ್ಷದೊಳಗಿನ ಮಕ್ಕಳನ್ನು ಹಿಡಿಯುತ್ತದೆ. ಹಲ್ಲು ಮೂಡುವಾಗಲೇ ಕಲೆ ಒಳಗೆ ಕೂತಿರುತ್ತದೆ. ತಿಕ್ಕುವದರಿಂದ ಹೋಗುವದಲ್ಲ.

ಆದರೆ ನಾವು ತಿಕ್ಕಿದೆವು! ಉಪ್ಪು, ಇದ್ದಿಲು, ಬೂದಿ, ಕಡೆಗೆ ಇಟ್ಟಂಗಿಯ ಪುಡಿ. ಇವು ಬಿಳಿಯ ಕವಚವನ್ನು ಸವೆಸಿ ಕೆಳಗಿನ ಹಳದಿ ಪದರನ್ನೇ ತೋರಿಸುತ್ತವೆಂದು ಯಾರಿಗೆ ಗೊತ್ತಿತ್ತು? ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಮನೆಗೆ ನಾನೇ ಮೊದಲಿಗ. ಓದಿ ತಿಳಿದದ್ದನ್ನು ಅವ್ವನಿಗೆ ಹೇಳಿದಾಗ ಅವಳು, "ಹಂಗಾದ್ರ ನೀ ನೆಟ್ಟಗ ತಿಕ್ಕವಲ್ಲಿ ಅಂತ ನಾ ಬಡದದ್ದು?" ಎಂದು ಸುಮ್ಮನಾದಳು. ಆ ದಿನ ಅವಳು ಊಟ ಮಾಡಲಿಲ್ಲ.

ಚಹಾ, ಎಲೆಅಡಿಕೆ, ಮಿಶ್ರಿ, ಬೀಡಿಗಳಿಂದ ಮೇಲೆ ಕೂಡುವ ಕರೆ ಬೇರೆ ಜಾತಿಯದು. ಅದನ್ನು ದಂತವೈದ್ಯರು ಒಂದೆರಡು ಸಲಕ್ಕೆ ಕೆರೆದು ತೆಗೆಯುತ್ತಾರೆ. ಒಳಗಿನ ಕಲೆಗೂ ಉಪಾಯಗಳಿಲ್ಲವೆಂದಿಲ್ಲ. ಕಲೆ ತೆಳುವಾಗಿದ್ದರೆ ಆಮ್ಲಮಿಶ್ರಿತ ಲೇಪದಿಂದ ಮೇಲ್ಪದರನ್ನು ಕೂದಲೆಳೆಯಷ್ಟು ಉಜ್ಜಬಹುದು. ಪೆರಾಕ್ಸೈಡಿನಿಂದ ಬ್ಲೀಚ್ ಮಾಡಬಹುದು, ಆದರೆ ಕೆಲದಿನ ಹಲ್ಲು ಜುಮ್ಮೆನ್ನುವದುಂಟು. ಕಲೆ ಗಾಢವಾಗಿದ್ದರೆ ಹಲ್ಲಿನ ಬಣ್ಣದ ಕಾಂಪೋಜಿಟ್ ಮೆತ್ತುವದು, ಇಲ್ಲವೆ ಪಿಂಗಾಣಿಯ ತೆಳು ಹಾಳೆ ಅಂಟಿಸುವದು. ಹಾಳೆಗಾಗಿ ಬಹುಶಃ ಹಲ್ಲನ್ನು ಕೊಂಚ ಅರೆಯಬೇಕಾಗುತ್ತದೆ. ಅರೆದದ್ದು ಮರಳಿ ಬರುವದಿಲ್ಲ. ಆದ್ದರಿಂದ ಕಡಿಮೆ ಕೆಡಿಸುವ ಉಪಾಯದಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಜಾಹೀರಾತಿನ ಪೇಸ್ಟುಗಳಿಗೆ ಹಣ ಸುರಿಯುತ್ತಿರುವ ವಸತಿಗೃಹದ ಮಿತ್ರರು ಕೋಪಿಸಿಕೊಳ್ಳಬಾರದು: ಅವು ಮೇಲಿನ ಕರೆಯನ್ನಷ್ಟೇ ಮುಟ್ಟಬಲ್ಲವು.

ಇದೆಲ್ಲ ಶೋಕಿಯೆಂದು ಕೆಲವರು ಹೇಳುವರು. ಸಿನಿಮಾ ನಟರ ಸುಣ್ಣದಂಥ ಬಿಳುಪನ್ನು ಬಯಸುವದು ಶೋಕಿಯೇ ಸರಿ. ಆರೋಗ್ಯವಂತ ಹಲ್ಲು ತುಸು ಹಳದಿಯಾಗಿಯೇ ಇರುತ್ತದೆ. ಆದರೆ ಸಂದರ್ಶನಕ್ಕೆ ಹೋದವನು ಬಾಯಿಗೆ ಕೈ ಅಡ್ಡ ಹಿಡಿದು ಉತ್ತರಿಸುವದು, ಕನ್ಯೆ ನೋಡಲು ಬಂದವರೆದುರು ಹುಡುಗಿ ನಗಲು ಅಂಜುವದು ಶೋಕಿಯಲ್ಲ. ಸರಕಾರ ಕುಡಿಸಿದ ನೀರಿನಿಂದ ಬಂದ ಕಲೆಯನ್ನು ಸರಕಾರದ ದಂತವೈದ್ಯರೇ ಖರ್ಚಿಲ್ಲದೆ ತೆಗೆದುಕೊಟ್ಟರೆ ಅದು ಉಪಕಾರವೂ ಅಲ್ಲ, ಸಾಲ ತೀರಿಸಿದಂತೆ.

ಹಲ್ಲಿಗೇ ಮುಗಿದರೆ ಪುಣ್ಯ. ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಇದೇ ಫ್ಲೋರೈಡು ಎಲುಬು ಕೀಲುಗಳನ್ನು ಸೆಡೆಸಿ ಜನರನ್ನು ಬಗ್ಗಿಸಿದ್ದನ್ನು 1937ರಲ್ಲಿಯೇ ವೈದ್ಯರು ಬರೆದಿಟ್ಟಿದ್ದಾರೆ. ಇಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ರೇಣುಕಾಸಾಗರದ ನೀರನ್ನು ಹುಬ್ಬಳ್ಳಿ-ಧಾರವಾಡದವರೆಗೆ ಒಯ್ದಿದ್ದಾರೆ. ಅಷ್ಟು ದೂರ ನೀರು ಹೋಗಬಲ್ಲದಾದರೆ, ಬೋರನ್ನೇ ನಂಬಿದ ಪ್ರತಿ ಹಳ್ಳಿಯ ಶಾಲೆಯ ಗೋಡೆಯ ಮೇಲೆ ಆ ನೀರಿನ ಫ್ಲೋರೈಡಿನ ಅಂಕಿ ಬರೆಯಿಸುವದು ದೊಡ್ಡ ಕೆಲಸವೆ?

ಮುಂಡರಗಿಯ ಊರಿನಲ್ಲಿ ನನ್ನ ಚಿಕ್ಕಪ್ಪನ ಮಗನಿದ್ದಾನೆ. ಎರಡು ವರ್ಷದ ಕೂಸು. ಈಗ ಅಲ್ಲಿ ಶುದ್ಧ ನೀರಿನ ಘಟಕವಾಗಿದೆ. ದಸರೆಗೆ ಹೋದಾಗ ನೋಡಿದೆ: ಕುಡಿಯಲು ಘಟಕದ ನೀರು, ಅನ್ನ ಬೇಳೆಗೆ ಬೋರಿನದೇ. ಕುದಿಸಿದರೆ ಫ್ಲೋರೈಡು ಹೋಗುವದಿಲ್ಲ, ನೀರು ಬತ್ತಿದಷ್ಟೂ ದಟ್ಟವಾಗುತ್ತದೆಂದು ಚಿಕ್ಕಮ್ಮನಿಗೆ ತಿಳಿಹೇಳಿದೆ. ಅವಳು ನನ್ನ ಬಾಯಿಯನ್ನೇ ಒಂದು ಗಳಿಗೆ ನೋಡಿ, ಇನ್ನೊಂದು ಕೊಡ ತರಲು ಚಿಕ್ಕಪ್ಪನನ್ನು ಕಳಿಸಿದಳು.